ಹಬೆಯಲ್ಲಿ ಬೆಂದ ಹೀರೋ

ಭಾನುವಾರ ಬೆಳಿಗ್ಗೆ ಮನುವಿನ ಸಿನಿಮಾದ ಹೀರೋ ಒಲೆಕಟ್ಟೆಯ ಮೇಲೆ ಕರಗಿಹೋದ.

ತಪ್ಪು ಹೀರೋನದಲ್ಲ, ಒಲೆಯದೂ ಅಲ್ಲ. ಕೊಡಗಿನ ಕಕ್ಕಬೆಯ ಡಿಸೆಂಬರ್ ಚಳಿಗೆ ಬಣ್ಣದ ಕ್ಲೇಯಿಂದ ಮಾಡಿದ ಆ ಬೆರಳುದ್ದದ ಮನುಷ್ಯ ಸೆಟೆದು ಕಲ್ಲಾಗಿದ್ದ. ಕೈ ಎತ್ತಿಸಲು ಹೋದರೆ ಕೈಯೇ ಕಿತ್ತು ಬರುವ ಹಾಗಿತ್ತು. ಸ್ವಲ್ಪ ಬೆಚ್ಚಗಾಗಲಿ ಎಂದು ಮನು ಅವನನ್ನು ಅಡುಗೆಮನೆಯ ಸೌದೆ ಒಲೆಯ ಕಟ್ಟೆಗೆ ಒರಗಿಸಿ ಕೂರಿಸಿ, ಹಲ್ಲುಜ್ಜಲು ಹೋದ. ಅವನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಅವನ ಅವ್ವ ಅನುಪಮಾ ಹಂದಿ ಮಾಂಸ ಬೇಗ ಬೇಯಲಿ ಎಂದು ಒಲೆಗೆ ಇನ್ನೆರಡು ಕೊಳ್ಳಿ ತುರುಕಿದ್ದರು. ಕಟ್ಟೆಯ ಮೇಲೆ ಹೀರೋ ಇರಲಿಲ್ಲ. ಕಂದು ಬಣ್ಣದ ಸಣ್ಣದೊಂದು ಕೆಸರು ಹರಡಿಕೊಂಡಿತ್ತು. ಅದರ ನಡುವೆ ಎರಡು ಮಣಿಗಣ್ಣುಗಳು ತೇಲುತ್ತ ಮನುವನ್ನೇ ದಿಟ್ಟಿಸುತ್ತಿದ್ದವು.

"ಅವ್ವಾ! ಪೊನ್ನು ಹೋದ!"

ಅನುಪಮಾ ಸೌಟು ಹಿಡಿದುಕೊಂಡೇ ಗಾಬರಿಯಿಂದ ತಿರುಗಿದರು. "ಅಯ್ಯೋ! ಮೇಲಿನ ಮನೆ ಪೊನ್ನಪ್ಪಣ್ಣನಾ? ನಿನ್ನೆ ತಾನೆ ಜೀಪಲ್ಲಿ ಕೈ ಬೀಸ್ಕೊಂಡು ಹೋದ್ರಲ್ಲ ಪಾಪ!"

"ಅವರಲ್ಲ ಅವ್ವ, ನನ್ನ ಪೊನ್ನು. ನನ್ನ ಸಿನಿಮಾದ ಹೀರೋ. ನೀನು ಅವನನ್ನ ಕರಗಿಸಿಬಿಟ್ಟೆ."

"ಇದಾ?" ಅನುಪಮಾ ಕೆಸರಿನ ಕಡೆ ಬಗ್ಗಿ ನೋಡಿ ನಿಟ್ಟುಸಿರುಬಿಟ್ಟರು. "ನಾನು ಯಾರೋ ಬೆಲ್ಲ ಚೆಲ್ಲಿದ್ದಾರೆ ಅಂದ್ಕೊಂಡೆ. ಒರೆಸಿ ತೆಗಿ ಮೊದಲು. ಮಧ್ಯಾಹ್ನ ಗೆಸ್ಟ್ ಬರ್ತಾರೆ."

ಮನುವಿನ ಸಂಕಟ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನದು ಹೇಳಬೇಕು. ಅವನು ವಿರಾಜಪೇಟೆಯ ಒಂದು ಸಣ್ಣ ಸಂಸ್ಥೆಯಲ್ಲಿ ಅನಿಮೇಷನ್ ಮತ್ತು ಸಿನಿಮಾ ಕಲಿಯುತ್ತಿದ್ದ. ಸಂಸ್ಥೆ ಇದ್ದದ್ದು ಕರಿಮೆಣಸಿನ ಮಂಡಿಯೊಂದರ ಮಾಳಿಗೆಯಲ್ಲಿ. ಕೆಳಗೆ ಮೆಣಸು ಕೇರಲು ಶುರುಮಾಡಿದರೆ ಮೇಲೆ ಇಡೀ ತರಗತಿ ಒಟ್ಟಿಗೆ ಸೀನುತ್ತಿತ್ತು. ಗೊಂಬೆಯನ್ನು ಎಳ್ಳಷ್ಟು ಸರಿಸಿ ಒಂದು ಫೋಟೋ, ಮತ್ತೆ ಎಳ್ಳಷ್ಟು ಸರಿಸಿ ಇನ್ನೊಂದು ಫೋಟೋ, ಹೀಗೆ ತೆಗೆದು ತೆಗೆದು ಜೋಡಿಸಿದರೆ ಗೊಂಬೆ ನಡೆದಂತೆ ಕಾಣುವ ಸಿನಿಮಾ ಅವರು ಕಲಿಯುತ್ತಿದ್ದದ್ದು. ನಡುವೆ ಒಂದು ಸೀನು ಬಿದ್ದರೆ ಗೊಂಬೆ ಭೂಕಂಪಕ್ಕೆ ಸಿಕ್ಕಂತೆ ಕುಣಿಯುತ್ತದೆ. ಹೋದ ಸಲ ಮನು ಕೊಟ್ಟ ಸಿನಿಮಾದಲ್ಲಿ ಭೂಕಂಪವೇ ಹೆಚ್ಚಿತ್ತು. ಮೇಷ್ಟ್ರು ರೇಣುಕಪ್ರಸಾದ್ ಅದನ್ನು ನೋಡಿ, "ಕತೆ ಎಲ್ಲಿ?" ಎಂದು ಕೇಳಿ ಫೇಲ್ ಮಾಡಿದ್ದರು.

ಅಪ್ಪ ಬೆಳ್ಳಿಯಪ್ಪ ಆವತ್ತೇ ಹೇಳಿದ್ದರು: "ಇನ್ನೊಂದೇ ಚಾನ್ಸ್. ಈ ಸಲವೂ ಹೋಯ್ತು ಅಂದ್ರೆ ಗೊಂಬೆಯಾಟ ಸಾಕು. ಕಾಫಿ ಪಿಕಿಂಗ್ ಶುರುವಾಗಿದೆ, ಪಕ್ಕದ ಎಸ್ಟೇಟಲ್ಲಿ ಲೆಕ್ಕ ಬರಿಯೋಕೆ ರೈಟರ್ ಇಲ್ಲ. ಮಂಗಳವಾರದಿಂದ ಹೋಗಿ ಸೇರ್ಕೋ."

ಸಿನಿಮಾ ಕೊಡಬೇಕಾದದ್ದು ಸೋಮವಾರ. ಅದಕ್ಕೇ ಮನು ಸೀನುಗಳಿಂದ ದೂರ ಎಂದು ಮನೆಗೆ ಬಂದು, ತಮ್ಮ ಹೋಂಸ್ಟೇಯ ಊಟದ ಮೇಜಿನ ಮೇಲೆ ಕಾಫಿ ಗೋಣಿಗಳನ್ನು ಪೇರಿಸಿ, ಅದರ ಮೇಲೆ ಹಸಿರು ಕಂಬಳಿ ಹೊದೆಸಿ ಬೆಟ್ಟ ಮಾಡಿದ್ದ. ಪೊನ್ನು ಎಂಬ ಒಂಟಿ ಮನುಷ್ಯ ಬೆಟ್ಟ ಹತ್ತುತ್ತಾನೆ, ತುದಿಯಲ್ಲಿ ನಿಂತು ಎರಡೂ ಕೈ ಎತ್ತಿ ಮೋಡ ಮುಟ್ಟುತ್ತಾನೆ. ಅಷ್ಟೇ ಕತೆ. ಅರ್ಧ ಬೆಟ್ಟ ಹತ್ತಿಸಿಯಾಗಿತ್ತು. ಈಗ ಉಳಿದರ್ಧ ಬೆಟ್ಟ ಇತ್ತು, ಹತ್ತುವವನು ಇರಲಿಲ್ಲ.

ಮನು ಒಲೆಕಟ್ಟೆ ಒರೆಸುತ್ತ ಸುತ್ತ ನೋಡಿದ. ಬೋಗುಣಿಯಲ್ಲಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ಕಡಂಬುಟ್ಟಿಗೆಂದು ಅವ್ವ ಬೇಯಿಸಿಟ್ಟ ಅಕ್ಕಿ ತರಿಯ ಮುದ್ದೆ ಹಬೆಯಾಡುತ್ತಿತ್ತು. ಒಂದು ಹಿಡಿ ಎತ್ತಿ ಹಿಸುಕಿದ. ಮೆತ್ತಗಿತ್ತು, ಹೇಳಿದ ಹಾಗೆ ಕೇಳುತ್ತಿತ್ತು. ಅವನ ಕಣ್ಣು ಹೊಳೆಯಿತು. ಎರಡು ಕೈ, ಎರಡು ಕಾಲು, ಒಂದು ತಲೆ, ಕಣ್ಣಿಗೆ ಎರಡು ಕರಿಮೆಣಸು. ಕಾಫಿ ಆರುವುದರೊಳಗೆ ಹೊಸ ಪೊನ್ನು ಎದ್ದು ನಿಂತ.

ಆದರೆ ಹಳೆಯ ಪೊನ್ನು ಕಂದು, ಹೊಸ ಪೊನ್ನು ಬೆಳ್ಳಗೆ. ಬೆಟ್ಟದ ಬುಡದಲ್ಲಿ ಒಬ್ಬ, ಅರ್ಧಕ್ಕೆ ಬರುವಾಗ ಇನ್ನೊಬ್ಬ. ಮನು ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ ಬೇಲಿಯಾಚೆಯ ಮನೆಯ ಮುತ್ತಮ್ಮಾಂಟಿ ಬಂದರು. ಅವರು ಬಂದದ್ದು ಕುಕ್ಕರ್ ವಾಪಸ್ ಕೊಡುವುದಕ್ಕೆ. ಆದರೆ ಮುತ್ತಮ್ಮಾಂಟಿ ಯಾವ ಮನೆಗೂ ಒಂದೇ ಕೆಲಸಕ್ಕೆ ಬಂದವರಲ್ಲ.

"ಎಂತ ಮೋನೇ ಇದು, ಯಾಕೆ ಮುಖ ಹೀಗೆ?"

ಮನು ವಿಷಯ ಹೇಳಿದ. ಮುತ್ತಮ್ಮಾಂಟಿ ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕೂತರು. ಕೂತ ರೀತಿ ನೋಡಿದರೆ ಮಧ್ಯಾಹ್ನದವರೆಗೆ ಏಳುವ ಲಕ್ಷಣ ಇರಲಿಲ್ಲ.

"ಇದಕ್ಕೆಂತ ಅಷ್ಟು ಯೋಚನೆ? ದಾರಿಯಲ್ಲಿ ಹುಲಿ ಕಂಡ. ಹೆದರಿ ಬಿಳುಚಿಕೊಂಡ. ಆಯ್ತಲ್ಲ!"

ಮನು ಅವರನ್ನೇ ನೋಡಿದ. ಎರಡು ವರ್ಷ ಕಲಿತರೂ ಹೊಳೆಯದ ಉಪಾಯ. ಕಂಬಳಿಯ ಹಿಂದೆ ಎರಡು ಲಿಂಬೆಹಣ್ಣು ಇಟ್ಟು ಹುಲಿಯ ಕಣ್ಣು ಮಾಡಿ, ಹೊಸ ಪೊನ್ನುವನ್ನು ನಿಲ್ಲಿಸಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಲಸ ಶುರುಮಾಡಿದ. ಸರಿಸು, ಕ್ಲಿಕ್. ಸರಿಸು, ಕ್ಲಿಕ್.

ತನ್ನ ಉಪಾಯ ಒಪ್ಪಿಗೆಯಾಯಿತು ಎಂದಮೇಲೆ ಮುತ್ತಮ್ಮಾಂಟಿಗೆ ಸಿನಿಮಾದಲ್ಲಿ ಪಾಲು ಬಂದಂತಾಯಿತು. "ಅಲ್ಲ, ಇವನಿಗೆ ಮನೆಯಲ್ಲಿ ಅನ್ನ ಹಾಕುದಿಲ್ವ? ಕಡ್ಡಿ ಹಾಗೆ ಇದ್ದಾನೆ. ಈ ಮೈಯಲ್ಲಿ ಬೆಟ್ಟ ಹತ್ತುದಾ?" ಎಂದರು. ಮನು ಬೆಳಕು ಸರಿಮಾಡಲು ಕಿಟಕಿಯ ಕಡೆ ಹೋದಾಗಲೆಲ್ಲ ಪೊನ್ನುವಿನ ಹೊಟ್ಟೆಗೆ ಚಿಟಿಕೆ ಚಿಟಿಕೆ ತರಿ ಮೆತ್ತಿದರು. ಮನುವಿಗೆ ಗೊತ್ತಾಗುವಷ್ಟರಲ್ಲಿ ಪೊನ್ನು ತುಂಬಿದ ಗರ್ಭಿಣಿಯ ಹಾಗೆ ಬೆಟ್ಟ ಹತ್ತುತ್ತಿದ್ದ.

"ಆಂಟಿ! ಇವನ ಹೊಟ್ಟೆ!"

"ಈಗ ಸ್ವಲ್ಪ ಲಕ್ಷಣ ಬಂತು ನೋಡು."

ಕೀಳಲು ಹೋದರೆ ಹೊಟ್ಟೆಯ ಜೊತೆ ಸೊಂಟವೂ ಬರುತ್ತಿತ್ತು. ಮನು ಹಲ್ಲು ಕಚ್ಚಿ ಮುಂದುವರಿದ. ಅಷ್ಟರಲ್ಲಿ ಗೆಸ್ಟ್‌ಗಳಿಗೆ ರೂಮು ಸರಿಮಾಡಿ ಬೆಳ್ಳಿಯಪ್ಪ ಕೆಳಗಿಳಿದು ಬಂದರು. ಮೇಜಿನ ಮುಂದೆ ಬಗ್ಗಿ, ಕನ್ನಡಕ ಹಣೆಗೇರಿಸಿ, ಪೊನ್ನುವನ್ನು ಬಹಳ ಹೊತ್ತು ನೋಡಿದರು.

"ಇವ ಯಾವ ಊರಿನವ?"

"ನಮ್ಮ ಊರಿನವನೇ ಅಪ್ಪ."

"ನಮ್ಮ ಊರಿನವನಿಗೆ ಮೀಸೆ ಇಲ್ಲದೆ ಉಂಟಾ?" ಎಂದವರೇ ಮಸಾಲೆ ಡಬ್ಬಿಯಿಂದ ಎರಡು ಲವಂಗ ತಂದು ಪೊನ್ನುವಿನ ಮೂಗಿನ ಕೆಳಗೆ ಅತ್ತ ಒಂದು ಇತ್ತ ಒಂದು ಸಿಕ್ಕಿಸಿದರು. ಹಿಂದೆ ಸರಿದು ನೋಡಿ, ತಮ್ಮ ಮೀಸೆಯನ್ನೂ ಒಮ್ಮೆ ತಿರುವಿಕೊಂಡರು. "ಈಗ ಗಂಡಸು."

ತಡಿಯಂಡಮೋಳ್ ಬೆಟ್ಟದ ಬುಡಕ್ಕೆ ಪ್ರವಾಸಿಗಳನ್ನು ಜೀಪಿನಲ್ಲಿ ಬಿಡುವ ರವಿ, ಗೆಸ್ಟ್ ಎಷ್ಟು ಹೊತ್ತಿಗೆ ಎಂದು ಕೇಳಲು ಬಂದವನು, ಅವನೂ ನಿಂತ. "ಮನು, ಈ ದಾರಿಯಲ್ಲಿ ಯಾರೂ ಹತ್ತುದಿಲ್ಲ ಮಾರಾಯ. ಎಡಕ್ಕೆ ಶಾರ್ಟ್‌ಕಟ್ ಉಂಟು." ಮನು ಬೇಡ ಎನ್ನುವುದರೊಳಗೆ ಪೊನ್ನುವಿನ ಸೊಂಟ ಹಿಡಿದು ಒಂದೇ ಸಲಕ್ಕೆ ಕಾಲು ಬೆಟ್ಟ ದಾಟಿಸಿದ. ಅದೇ ಹೊತ್ತಿಗೆ ಗಾಬರಿಯಲ್ಲಿ ಮನುವಿನ ಬೆರಳು ಕ್ಲಿಕ್ ಒತ್ತಿತು.

ಇಷ್ಟೆಲ್ಲ ಆದರೂ ಹನ್ನೊಂದೂವರೆಯ ಹೊತ್ತಿಗೆ ಪೊನ್ನು ಬೆಟ್ಟದ ತುದಿ ಮುಟ್ಟಿದ್ದ. ಬೆಳ್ಳಗೆ, ದಪ್ಪಗೆ, ಮೀಸೆ ಬಿಟ್ಟುಕೊಂಡು. ಇನ್ನು ಉಳಿದದ್ದು ಎರಡೂ ಕೈ ಎತ್ತಿ ಮೋಡ ಮುಟ್ಟುವುದು. ಮನು ಕೈ ಎತ್ತಿಸಿದ. ಕೈ ಕೆಳಗೆ ಬಿತ್ತು. ಮತ್ತೆ ಎತ್ತಿಸಿದ. ಮತ್ತೆ ಬಿತ್ತು. ಬೆಳಗಿನಿಂದ ಅಷ್ಟು ಜನರ ಕೈಗೆ ಸಿಕ್ಕಿ ಮಿದುವಾಗಿದ್ದ ಪೊನ್ನು ಜ್ವರ ಬಂದವನ ಹಾಗೆ ಜೋತುಬಿದ್ದ.

"ಒಂದು ಹಬೆ ತೋರ್ಸು," ಎಂದರು ಮುತ್ತಮ್ಮಾಂಟಿ. "ಗಟ್ಟಿಯಾಗ್ತಾನೆ."

ಅದೂ ಸರಿಯೇ. ಮನು ಪೊನ್ನುವಿನ ಎರಡೂ ಕೈಗಳನ್ನು ಮೇಲಕ್ಕೆ ಮಾಡಿ, ಬಾಳೆ ಎಲೆಯ ಚೂರಿನ ಮೇಲೆ ಮಲಗಿಸಿ ಅವ್ವನ ಕೈಗೆ ಕೊಟ್ಟ. ಅನುಪಮಾ ಅವನನ್ನು ಹಬೆ ಪಾತ್ರೆಯಲ್ಲಿ ಕಡಂಬುಟ್ಟುಗಳ ನಡುವೆ ಮಲಗಿಸಿ ಮುಚ್ಚಳ ಹಾಕಿದರು. ಅದೇ ಹೊತ್ತಿಗೆ ಫೋನಿನ ಚಾರ್ಜ್ ಮುಗಿಯಿತು. ಸ್ವಿಚ್ ಹಾಕಿದರೆ ಕರೆಂಟ್ ಇಲ್ಲ. "ಜೀಪಲ್ಲಿ ಹಾಕ್ಕೋ ಬಾ," ಎಂದ ರವಿ. ಮನು ಅವನ ಜೊತೆ ಹೋಗಿ ಜೀಪಿನ ಎಂಜಿನ್ ಚಾಲೂ ಇಟ್ಟು ಕೂತ.

ಅವನು ಜೀಪಿನಲ್ಲಿ ಕೂತಿದ್ದಾಗಲೇ ಒಂದು ಬಿಳಿ ಕಾರು ಅಂಗಳಕ್ಕೆ ಬಂದು ನಿಂತಿತು. ಅದರಿಂದ ಇಳಿದವರು ಮಾದಾಪುರದ ಕಡೆಯ ಗಂಗಣ್ಣ ಮತ್ತು ಅವರ ಹೆಂಡತಿ ಕಾಂತಮ್ಮ. ಮದುವೆಯ ವಾರ್ಷಿಕೋತ್ಸವಕ್ಕೆಂದು ಮಗಳು ರೂಮು ಬುಕ್ ಮಾಡಿ ಕಳಿಸಿದ್ದಳು. ಗಂಗಣ್ಣನವರು ಬಹಳ ದಪ್ಪ. ಮೀಸೆ ಬಾಗಿಲಿನಲ್ಲಿ ಅವರಿಗಿಂತ ಮೊದಲು ಒಳಗೆ ಬಂತು.

"ಊಟ ಆಗಿದ್ಯೇನ್ರೀ? ಬೆಳಗ್ಗೆ ಬರೀ ಒಂದು ಬಾಳೆಹಣ್ಣು ತಿಂದಿದ್ದು," ಎಂದು ಅವರು ನೇರವಾಗಿ ಊಟದ ಮೇಜಿಗೇ ಬಂದು ಕೂತರು. ಬೆಳ್ಳಿಯಪ್ಪ ಬೆಟ್ಟವನ್ನು ಮೇಜಿನ ಇನ್ನೊಂದು ತುದಿಗೆ ತಳ್ಳಿ ಎಲೆ ಹಾಕಿದರು. ಗಂಗಣ್ಣ ದಂಪತಿ ಮಾಂಸ ಮುಟ್ಟುವವರಲ್ಲ. ಅವರಿಗೆಂದೇ ಕುಂಬಳಕಾಯಿ ಪಲ್ಯ, ತರಕಾರಿ ಸಾರು ಬೇರೆ ಮಾಡಿಟ್ಟಿತ್ತು. ಅನುಪಮಾ ಅವಸರದಲ್ಲಿ ಹಬೆ ಪಾತ್ರೆಯಿಂದ ಕಡಂಬುಟ್ಟುಗಳನ್ನು ತಟ್ಟೆಗೆ ಬಗ್ಗಿಸಿ ತಂದು ಎಲೆಗೆ ಬಡಿಸಿದರು. ಹೊಗೆಯಾಡುವ ಹಬೆಯಲ್ಲಿ ಯಾವುದು ಉಂಡೆ, ಯಾವುದು ಮನುಷ್ಯ ಎಂದು ನೋಡಲು ಅವರಿಗೆ ಪುರಸೊತ್ತಿರಲಿಲ್ಲ.

ಗಂಗಣ್ಣನವರ ಎಲೆಯ ಮೇಲೆ ಪೊನ್ನು ಅಂಗಾತ ಮಲಗಿದ್ದ. ಎರಡೂ ಕೈ ಮೇಲೆ. ಹಬೆಗೆ ಉಬ್ಬಿ ಇನ್ನೂ ದುಂಡಗಾಗಿದ್ದ. ಲವಂಗದ ಮೀಸೆ ಚೂಪಾಗಿ ನಿಂತಿತ್ತು.

ಕಾಂತಮ್ಮ ಮೊದಲು ನೋಡಿದರು. ಬಾಯಿಗೆ ಸೆರಗು ಮುಚ್ಚಿಕೊಂಡರು. "ರೀ! ನಿಮ್ಮನ್ನೇ ಬೇಯ್ಸಿ ತಂದವ್ರೆ ನೋಡ್ರೀ!"

ಗಂಗಣ್ಣ ಎಲೆ ನೋಡಿದರು. ಎಲೆಯಿಂದ ಮೆಣಸಿನ ಕಣ್ಣುಗಳು ಅವರನ್ನು ನೋಡಿದವು. ಅದೇ ಹೊಟ್ಟೆ, ಅದೇ ಮೀಸೆ. ಗೆಸ್ಟ್ ಸಿಟ್ಟಾದರೆ ಇಂಟರ್ನೆಟ್ಟಿನಲ್ಲಿ ಒಂದೇ ನಕ್ಷತ್ರ ಬರುತ್ತದೆ ಎಂಬ ಭಯಕ್ಕೆ ಬೆಳ್ಳಿಯಪ್ಪನವರ ಬಾಯಿಗೆ ತಾನಾಗಿಯೇ ಮಾತು ಬಂತು.

"ಅದು ಸಾರ್... ನಮ್ಮಲ್ಲಿಯ ಸ್ಪೆಷಲ್. ಬಂದವರ ಹಾಗೇ ಮಾಡಿ ಬಡಿಸುದು. ವೆಡ್ಡಿಂಗ್ ಆನಿವರ್ಸರಿ ಅಂತ ಗೊತ್ತಾಯ್ತಲ್ಲ."

ಗಂಗಣ್ಣನವರ ಮುಖ ನಿಧಾನವಾಗಿ ಅರಳಿತು. "ಇಷ್ಟ್ ವರ್ಷದಲ್ಲಿ ನನ್ನ ಮೂರ್ತಿ ಯಾರೂ ಮಾಡಿರ್ಲಿಲ್ಲ ಕಣೇ!"

"ಮನುಷ್ಯನ ಆಕಾರ ಐತೆ. ಸಸ್ಯಾಹಾರವೇ ತಾನೆ?" ಎಂದು ಕಾಂತಮ್ಮ ಫೋನಿನಲ್ಲಿ ಎಲೆಯ ಫೋಟೋ ತೆಗೆಯುತ್ತ ಖಚಿತ ಮಾಡಿಕೊಂಡರು.

"ಬರೀ ಅಕ್ಕಿ ಅಮ್ಮಾ."

ಗಂಗಣ್ಣ ಪೊನ್ನುವಿನ ಸೊಂಟ ಹಿಡಿದು ಎತ್ತಿ, ಬಾಯಿ ತೆರೆದರು. ಆಗಲೇ ಮನು ಚಾರ್ಜಾದ ಫೋನು ಹಿಡಿದು ಒಳಗೆ ಕಾಲಿಟ್ಟದ್ದು.

"ತಿನ್ಬೇಡಿ ಸಾರ್! ಅವನೇ ನನ್ನ ಹೀರೋ!"

ಗಂಗಣ್ಣ ಹೆಂಡತಿಯ ಕಡೆ ತಿರುಗಿದರು. "ಕೇಳ್ದ್ಯಾ? ಹುಡುಗ ನನ್ನ ಹೀರೋ ಅಂತಾನೆ." ಹಾಗೆಂದು ಸಂತೋಷದಿಂದ ಪೊನ್ನುವಿನ ಎಡಗಾಲನ್ನು ಕಚ್ಚಿಯೇಬಿಟ್ಟರು.

ಕಾಲಿಲ್ಲದ ಹೀರೋ ಬೆಟ್ಟದ ತುದಿಯಲ್ಲಿ ನಿಲ್ಲುವುದಾದರೂ ಹೇಗೆ? ಮುಗಿಯಿತು. ಮಂಗಳವಾರದಿಂದ ರೈಟರ್. ಮನು ಸುಮ್ಮನೆ ಅಭ್ಯಾಸಬಲದಿಂದ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಸಿಕ್ಕಿಸಿದವನು ಪರದೆ ನೋಡಿ ಹಾಗೆಯೇ ನಿಂತ. ಮೇಜಿನ ಆ ತುದಿಯಲ್ಲಿ ಹಸಿರು ಬೆಟ್ಟ. ಬೆಟ್ಟದ ಹಿಂದಿನಿಂದ ಸೂರ್ಯನಂತೆ ಎದ್ದ ಗಂಗಣ್ಣನವರ ದೊಡ್ಡ ಮುಖ. ಅದರ ಬಾಯಿಯ ಹತ್ತಿರ ಎರಡೂ ಕೈ ಎತ್ತಿದ ಪುಟ್ಟ ಮನುಷ್ಯ.

"ಸಾರ್, ಅಲ್ಲಾಡಬೇಡಿ!" ಎಂದು ಅವನು ಕೂಗಿದ ಕೂಗಿಗೆ ಗಂಗಣ್ಣನವರಷ್ಟೇ ಅಲ್ಲ, ಬಾಗಿಲಲ್ಲಿದ್ದ ನಾಯಿಯೂ ನಿಂತುಬಿಟ್ಟಿತು. "ಕೈ ಸ್ವಲ್ಪ ಮೇಲೆ. ಸಾಕು. ಹಾಗೇ ಇರಿ." ಕ್ಲಿಕ್. "ಈಗ ಸ್ವಲ್ಪ ಬಾಯಿ ತೆಗೀರಿ. ಅಷ್ಟಲ್ಲ, ಸ್ವಲ್ಪ." ಕ್ಲಿಕ್.

"ಇದೆಂತದ್ದು?" ಎಂದರು ಗಂಗಣ್ಣ, ತುಟಿ ಅಲ್ಲಾಡಿಸದೆ.

"ಸಿನಿಮಾ ಸಾರ್. ನೀವು ಅದರಲ್ಲಿ ರಾಕ್ಷಸ."

ಗಂಗಣ್ಣ ಒಂದು ಗಳಿಗೆ ಯೋಚಿಸಿದರು. "ಮಾತು ಐತಾ?"

"ಇಲ್ಲ ಸಾರ್. ತಿನ್ನುದು ಮಾತ್ರ."

"ಮಾಡ್ತೀನಿ ಬಿಡು."

ಆಮೇಲೆ ನಡೆದದ್ದನ್ನು ಕಕ್ಕಬೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಹೊಟ್ಟೆ ಹಸಿದ ಒಬ್ಬ ಮನುಷ್ಯ ಒಂದು ಕಡಂಬುಟ್ಟನ್ನು ಒಂದೂವರೆ ಗಂಟೆ ತಿಂದ. ಬಲಗಾಲು ಹೋಯಿತು, ಕ್ಲಿಕ್. ಗಂಗಣ್ಣನವರ ಹೊಟ್ಟೆ ಗುರ್ರೆಂದಿತು. ಕಚ್ಚಿದ ತುಂಡನ್ನು ಅಗಿಯಲು ಹೋದರೆ ಮುತ್ತಮ್ಮಾಂಟಿ ಬೆತ್ತ ಹಿಡಿದ ಟೀಚರ್ ಹಾಗೆ ಪಕ್ಕದಲ್ಲೇ ನಿಂತಿದ್ದರು: "ಅಗಿಬೇಡಿ! ಅವ ಕ್ಲಿಕ್ ಅನ್ನುವವರೆಗೆ ಅಗಿಬೇಡಿ!" ಬೆಳ್ಳಿಯಪ್ಪ ಎರಡು ಟಾರ್ಚು ಹಿಡಿದು ಬೆಳಕು ಕೊಟ್ಟರು. ರವಿ ಹಿಂದೆ ನಿಂತು ಬಿಳಿ ಬೆಡ್‌ಶೀಟನ್ನು ಮೋಡ ಮಾಡಿ ಅಲ್ಲಾಡಿಸಿದ. ಕಾಂತಮ್ಮ ಗಂಡನ ಕೂದಲು ಬಾಚಿ, ಹಣೆಯ ವಿಭೂತಿ ಸರಿಮಾಡಿ, "ಚೆನ್ನಾಗ್ ತಿನ್ರೀ, ಮಕ್ಕಳೆಲ್ಲ ನೋಡ್ತವೆ," ಎಂದರು. ಸಾರು ಎರಡು ಸಲ ಬಿಸಿಯಾಯಿತು, ಎರಡು ಸಲ ಆರಿತು.

ಕೊನೆಗೆ ಉಳಿದದ್ದು ತಲೆ. ಗಂಗಣ್ಣ ಅದನ್ನು ಇಡಿಯಾಗಿ ಬಾಯಿಗಿಟ್ಟು ಅಗಿದರು. ಎರಡು ಕರಿಮೆಣಸು, ಎರಡು ಲವಂಗ, ಎಲ್ಲ ಒಟ್ಟಿಗೆ ಹಲ್ಲಿಗೆ ಸಿಕ್ಕವು. ಅವರ ಮುಖ ಕೆಂಪಾಯಿತು. ಕಿವಿ ಕೆಂಪಾಯಿತು. ಎರಡೂ ಕಣ್ಣಿನಲ್ಲಿ ನೀರು ತುಂಬಿ, ತುಳುಕಿ, ಕೆನ್ನೆಯ ಮೇಲಿಂದ ಮೀಸೆಗೆ ಇಳಿಯಿತು. "ನೀರು... ನೀರು..." ಎಂದು ಅವರು ಗೊಣಗುತ್ತಿದ್ದರೆ ಮನು ಹುಚ್ಚು ಹಿಡಿದವನ ಹಾಗೆ ಒತ್ತುತ್ತಿದ್ದ. ಕ್ಲಿಕ್, ಕ್ಲಿಕ್, ಕ್ಲಿಕ್. "ಒರೆಸಬೇಡಿ ಸಾರ್! ಅದೇ ಕ್ಲೈಮ್ಯಾಕ್ಸ್!"

ಸೋಮವಾರ ಮಾಳಿಗೆಯ ಮೇಲಿನ ಕತ್ತಲೆ ಕೋಣೆಯಲ್ಲಿ ಸಿನಿಮಾ ಓಡಿತು. ಮನು ಹಿಂದಿನ ಬೆಂಚಿನಲ್ಲಿ ಉಗುರು ಕಡಿಯುತ್ತ ಕೂತಿದ್ದ. ಪರದೆಯ ಮೇಲೆ ಒಬ್ಬ ಬಡಪಾಯಿ ಬೆಟ್ಟ ಹತ್ತಿದ. ಕತ್ತಲೆಯ ಕಣ್ಣುಗಳನ್ನು ಕಂಡು ಬಿಳುಚಿದ. ದಪ್ಪಗಾದ. ಮೀಸೆ ಬಂತು. ಇದ್ದಕ್ಕಿದ್ದಂತೆ ಹಾರಿದ. ತುದಿ ಮುಟ್ಟಿದ. ಆಗ ಬೆಟ್ಟದ ಹಿಂದಿನಿಂದ ಒಂದು ಮಹಾಮುಖ ಎದ್ದು ಅವನನ್ನು ತಿಂದಿತು. ತಿಂದಮೇಲೆ ಅತ್ತಿತು.

ಸಿನಿಮಾ ಮುಗಿಯಿತು. ಕೆಳಗೆ ಮೆಣಸು ಕೇರುವ ಸದ್ದು ಕೇಳುತ್ತಿತ್ತು, ಆದರೆ ಯಾರೂ ಸೀನಲಿಲ್ಲ. ರೇಣುಕಪ್ರಸಾದ್ ಎದ್ದು ನಿಂತರು. ಹದಿನೈದು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ತಟ್ಟದ ಚಪ್ಪಾಳೆಯನ್ನು ಒಬ್ಬರೇ ತಟ್ಟಿದರು. ಆಮೇಲೆ ಇಡೀ ತರಗತಿ ಎದ್ದಿತು.

"ನೋಡಿ, ಇದು ಕತೆ!" ಎಂದರು ಮೇಷ್ಟ್ರು. "ಭಯದಿಂದ ಬಣ್ಣ ಕಳೆದುಕೊಂಡ. ಆಸೆಯಿಂದ ಹೊಟ್ಟೆ ಬೆಳೆಯಿತು. ಅಹಂಕಾರದಿಂದ ಮೀಸೆ ಬಂತು. ಅಡ್ಡದಾರಿ ಹಿಡಿದು ಮೇಲೆ ಹೋದ. ಪ್ರಕೃತಿ ಅವನನ್ನು ನುಂಗಿತು, ನುಂಗಿ ತಾಯಿಯಂತೆ ಅತ್ತಿತು. ಎಂಥ ಯೋಚನೆ!"

ಮನು ಪ್ರಾಮಾಣಿಕ ಹುಡುಗ. "ಸಾರ್, ಆ ಹೊಟ್ಟೆ ಇದೆಯಲ್ಲ, ಅದು ಮುತ್ತಮ್ಮಾಂಟಿ..." ಎಂದು ಶುರುಮಾಡಿದ.

"ಕಲಾವಿದ ತನ್ನ ಕೃತಿಯನ್ನು ವಿವರಿಸಬಾರದು. ಕೂತ್ಕೋ."

ಆ ವರ್ಷದ ವಿದ್ಯಾರ್ಥಿ ಚಿತ್ರಗಳಲ್ಲಿ ಮೊದಲ ಬಹುಮಾನ ಮನುವಿಗೆ. ಪ್ರತಿ ವರ್ಷ ಮೊದಲ ಬಹುಮಾನ ಪಡೆದವನಿಗೆ ಇನ್ನೊಂದು ಗೌರವವೂ ಸಿಗುತ್ತಿತ್ತು: ಸಂಸ್ಥೆಯ ವಾರ್ಷಿಕ ಚಿತ್ರವನ್ನು ಅವನೇ ನಿರ್ದೇಶಿಸುವುದು. ನಿಜವಾದ ಕ್ಯಾಮೆರಾ, ನಿಜವಾದ ದೀಪಗಳು, ಸಹಪಾಠಿಗಳೆಲ್ಲ ಅವನ ಕೈಕೆಳಗೆ. ಮಡಿಕೇರಿಯ ಸಭಾಂಗಣದಲ್ಲಿ ಪ್ರದರ್ಶನ. ಸಂಜೆ ಕಕ್ಕಬೆಯ ಬಸ್ಸಿನಿಂದ ಮನು ಇಳಿದಾಗ ಬೆಳ್ಳಿಯಪ್ಪ ರಸ್ತೆಯಲ್ಲೇ ಕಾದಿದ್ದರು. ಮಗನನ್ನು ತಬ್ಬಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಹೇಳಿದರು. "ಆ ರೈಟರ್ ಕೆಲಸ ಬೇರೆ ಯಾರಿಗಾದ್ರೂ ಕೊಡ್ಲಿ," ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. "ನಮ್ಮ ಮನು ಡೈರೆಕ್ಟರ್!" ರವಿ ಮನೆಯವರೆಗೂ ಜೀಪಿನ ಹಾರ್ನ್ ಒತ್ತುತ್ತಲೇ ಬಂದ. ಆವತ್ತು ಮನುವಿನ ಕಾಲು ನೆಲದ ಮೇಲಿರಲಿಲ್ಲ.

ವಾರ್ಷಿಕ ಚಿತ್ರದ ಶೂಟಿಂಗಿಗೆ ಮನು ಆರಿಸಿದ ಜಾಗ ತನ್ನ ಮನೆಯ ಅಂಗಳವೇ. ಜನವರಿಯ ಒಂದು ಶನಿವಾರ ಸಹಪಾಠಿಗಳೆಲ್ಲ ಬಂದಿಳಿದರು. ಅಂಗಳದ ನಡುವೆ ಕ್ಯಾಮೆರಾ ನಿಂತಿತು, ಅದರ ಪಕ್ಕದಲ್ಲಿ ನಿರ್ದೇಶಕರ ಮಡಚುವ ಕುರ್ಚಿ. ಮನು ಹೊಸ ಟೋಪಿ ಹಾಕಿಕೊಂಡು ಕುರ್ಚಿಯ ಕಡೆ ಹೊರಟ. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವನ ಕೂಗು.

"ಮನೂ, ಒಂದು ನಿಮಿಷ ಬಾ! ಆರು ರೂಮೂ ಫುಲ್ ಆಗಿದೆ!"

ಆದದ್ದು ಇಷ್ಟೇ. ಕಾಂತಮ್ಮ ಊರಿಗೆ ಹೋದವರು ಗಂಡನ ಎಲೆಯ ಮೇಲೆ ಮಲಗಿದ್ದ ಗಂಡನ ಫೋಟೋವನ್ನು ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿದ್ದರು. 'ಬಂದವರ ಹಾಗೇ ಮಾಡಿ ಬಡಿಸುತ್ತಾರೆ' ಎಂದು ಕೆಳಗೆ ಬರೆದಿದ್ದರು. ಈಗ ಗೆಸ್ಟ್‌ಗಳು ರೂಮು ಬುಕ್ ಮಾಡುವಾಗ ತಮ್ಮ ಫೋಟೋವನ್ನೂ ಮುಂಚಿತವಾಗಿ ಕಳಿಸುತ್ತಿದ್ದರು. ಆವತ್ತು ಬಂದದ್ದು ಸೋಮವಾರಪೇಟೆಯ ಒಂದು ಇಡೀ ಕುಟುಂಬ. ಅಜ್ಜನಿಂದ ಹಿಡಿದು ಹಾಲುಗೆನ್ನೆಯ ಕೂಸಿನವರೆಗೆ. ಕಡಂಬುಟ್ಟಿಗೆ ಮೂಗು, ಕಿವಿ ಕೂರಿಸುವ ಕೈ ಆ ಮನೆಯಲ್ಲಿ ಒಂದೇ ಒಂದು ಇತ್ತು.

"ಆಂಟಿ, ಸ್ವಲ್ಪ ನೋಡ್ಕೊಳ್ಳಿ, ಈಗ ಬಂದೆ," ಎಂದು ಮನು ಒಳಗೆ ಓಡಿದ.

ಅಜ್ಜನ ಬೊಚ್ಚುಬಾಯಿ ಮುಗಿಯುವಾಗ ಹೊರಗಿನಿಂದ ಮುತ್ತಮ್ಮಾಂಟಿಯ ದನಿ ಕೇಳಿತು: "ಎಂತ ಎಲ್ಲರೂ ಸುಮ್ಮನೆ ನಿಂತಿದ್ದೀರಿ? ಬಿಸಿಲು ಹೋಗ್ತದೆ. ಹೂಂ, ಆಕ್ಷನ್!" ಮನು ಕಿಟಕಿಯಿಂದ ಇಣುಕಿದ. ನಿರ್ದೇಶಕರ ಕುರ್ಚಿ ತುಂಬಿತ್ತು. ಅವರು ಕೂತ ರೀತಿ ನೋಡಿದರೆ ಸಂಜೆಯವರೆಗೆ ಏಳುವ ಲಕ್ಷಣ ಇರಲಿಲ್ಲ.

"ಆಂಟೀ, ಅದು ಹಾಗಲ್ಲ! ಮೊದಲು ಹುಡುಗಿ ಬರಬೇಕು!" ಎಂದು ಅವನು ಕೈತುಂಬ ತರಿ ಮೆತ್ತಿಕೊಂಡು ಕಿಟಕಿಯಿಂದಲೇ ಕಿರುಚಿದ.

"ನೀನು ಅಡುಗೆ ನೋಡು ಮೋನೇ, ಇಲ್ಲಿ ಎಲ್ಲ ಸರಿ ಉಂಟು!"

ಒಳಗೆ ಆ ಕುಟುಂಬದ ಸೊಸೆ 'ಅತ್ತೆಯ ಮೂಗು ಇಷ್ಟು ಸಣ್ಣದಲ್ಲ' ಎಂದು ಹೇಳಿ ಕಳಿಸಿದಳು. ಅತ್ತೆ 'ಸೊಸೆಯ ಬಾಯಿ ಇನ್ನೂ ದೊಡ್ಡದು' ಎಂದು ಹೇಳಿ ಕಳಿಸಿದರು. ಶನಿವಾರ ಹೀಗೆ ಹೋಯಿತು. ಭಾನುವಾರ ರೇಣುಕಪ್ರಸಾದರೇ ಬಂದರು. ಮನು ಬದುಕಿದೆ ಎಂದುಕೊಂಡು ಕೈ ತೊಳೆದು ಓಡಿದ. ಮೇಷ್ಟ್ರು ಅಂಗಳದ ಕೆಲಸ ನೋಡಿ ತಲೆದೂಗಿದರು, ಮನುವಿನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದರು. ಜೇಬಿನಿಂದ ಒಂದು ಫೋಟೋ ತೆಗೆದು, ದನಿ ತಗ್ಗಿಸಿ ಹೇಳಿದರು: "ಕಾಲೇಜು ದಿನದ್ದು ಇದು. ಕೂದಲು ಇದರಲ್ಲಿ ಇರುವಷ್ಟೇ ಇರಲಿ."

ಮಡಿಕೇರಿಯ ಸಭಾಂಗಣ ಆ ದಿನ ಕಿಕ್ಕಿರಿದಿತ್ತು. ಗಂಗಣ್ಣ ಬಸ್ಸು ಮಾಡಿಕೊಂಡು ನೆಂಟರನ್ನೆಲ್ಲ ಕರೆತಂದಿದ್ದರು. ಚಿತ್ರ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ನಿಜಕ್ಕೂ ಚೆನ್ನಾಗಿತ್ತು. ಮನುವಿನ ಕಣ್ಣೂ ತುಂಬಿಬಂತು. ಆಗ ಪರದೆಯ ಮೇಲೆ ಹೆಸರುಗಳು ಬರಲು ಶುರುವಾದವು. ಅವನ್ನು ಬರೆದವಳು ಸಂಕಲನ ಮಾಡಿದ ಸಹಪಾಠಿ ರಶ್ಮಿತಾ. ಆಕ್ಷನ್ ಎಂದು ಹೇಳಿದವರೇ ನಿರ್ದೇಶಕರು ಎಂದು ಮೇಷ್ಟ್ರು ಪಾಠದಲ್ಲಿ ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು.

'ನಿರ್ದೇಶನ: ಮುತ್ತಮ್ಮ.'

ಮುಂದಿನ ಸಾಲಿನಲ್ಲಿ ಮುತ್ತಮ್ಮಾಂಟಿ ಎದ್ದು, ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಂಡು, ನಾಲ್ಕೂ ದಿಕ್ಕಿಗೆ ಕೈಮುಗಿದರು. ಬೆಳಕು, ಬೆಳ್ಳಿಯಪ್ಪ. ವಾಹನ ಮತ್ತು ದಾರಿ, ರವಿ. ಮನು ಕುರ್ಚಿಯ ತುದಿಗೆ ಬಂದು ಕಾದ. ಕತೆಗೆ ಹೆಸರಿರಲಿಲ್ಲ. ಎಲ್ಲಕ್ಕಿಂತ ಕೊನೆಗೆ, ಸಂಗೀತ ನಿಲ್ಲುವ ಹೊತ್ತಿಗೆ ಅವನ ಹೆಸರು ಬಂತು.

'ಊಟದ ವ್ಯವಸ್ಥೆ: ಮನು.'

ಸಭಾಂಗಣದಲ್ಲಿದ್ದ ಅರ್ಧ ಜನ ಅವನ ಕೈಯಲ್ಲಿ ಆಗಲೇ ಉಂಡವರು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.